ಬಾಡಿಗೆ ಕೇಳದ ಕಾಗದ

ಅವರ ಬಲಗೈ ಮಣಿಕಟ್ಟಿನ ಕೆಳಗೆ ಹುಣಸೆಬೀಜದಷ್ಟು ದಪ್ಪದ ಕಪ್ಪು ಗಂಟೊಂದಿತ್ತು. ಮೌಸ್ ಹಿಡಿದ ಕೈಯನ್ನು ವರ್ಷಗಟ್ಟಲೆ ಮೇಜಿನ ಅಂಚಿಗೆ ಉಜ್ಜಿ ಬಂದದ್ದು. ಘಾಟ್ಕೋಪರಿನ ನಮ್ಮ ಚಾಳಿನ ಕೆಳಗಿನ ಅಂಗಡಿಯಲ್ಲಿ ಅವರು ಉಡುಪಿ ಹೋಟೆಲುಗಳ ಮೆನು, ಮದುವೆ ಪತ್ರಿಕೆ, ಸಂಘದ ಆಮಂತ್ರಣ ಎಲ್ಲ ಮಾಡುತ್ತಿದ್ದರು. ನಮಗೆಲ್ಲ ಅವರು ಕಾರ್ಡ್ ಮಾಮ. ಕರಾವಳಿಯವರು, ಧಾರವಾಡದ ನಮ್ಮ ಮಾತನ್ನು ಅಣಕಿಸದೆ ಅವರಿಗೆ ದಿನ ಹೋಗುತ್ತಿರಲಿಲ್ಲ.

ಯಾವ ಕೆಲಸವನ್ನೂ ಅವರು ನೇರವಾಗಿ ಕಂಪ್ಯೂಟರಿನಲ್ಲಿ ಶುರುಮಾಡಿದವರಲ್ಲ. ಮೊದಲು ಅಡಿಯ ಗೆರೆ ಕಾಣುವ ತೆಳು ಬಟರ್ ಪೇಪರಿನ ಮೇಲೆ ಪೆನ್ಸಿಲಿನಲ್ಲಿ ಬಳ್ಳಿ, ತೋರಣ, ಅಂಚು. ಆಮೇಲೆ ಅದನ್ನು ಸ್ಕ್ಯಾನ್ ಮಾಡಿ ಮೌಸಿನಿಂದ ಗೆರೆಗೆರೆಯಾಗಿ ತಿದ್ದುವುದು. ಅಚ್ಚಾದ ಪ್ರತಿ ಕಾರ್ಡಿನ ಒಂದು ಪ್ರತಿ ಗೋಡೆಯ ತಂತಿಗೆ ಹೋಗುತ್ತಿತ್ತು. ಉತ್ತರಕ್ರಿಯೆಯ ಕಾರ್ಡಿಗೆ ಮಾತ್ರ ಅವರು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬಡವರಿಗೂ ಹೋಟೆಲ್ ಮಾಲೀಕರಿಗೂ ಅದೇ ತುಳಸಿ ದಳದ ಅಂಚು. ನನ್ನ ಅಪ್ಪ ಹೋದಾಗಲೂ ಅದೇ.

ನನಗೆ ಗೆರೆ ಎಳೆಯಲು ಕಲಿಸಿದವರು ಅವರು. ನಾನು ಅವರಿಗೆ ಮಾಡಿದ್ದೇನು? ವಿಲೆ ಪಾರ್ಲೆಯ ಆಫೀಸೊಂದರಲ್ಲಿ ಡಿಸೈನರ್ ಆದ ಹಮ್ಮಿನಲ್ಲಿ, ಅವರು ಒಮ್ಮೆ ಕೊಂಡು ನೆಮ್ಮದಿಯಾಗಿ ಬಳಸುತ್ತಿದ್ದ ಹಳೆಯ ಸಾಫ್ಟ್‌ವೇರನ್ನು ಬಿಡಿಸಿ, ವರ್ಷವರ್ಷ ಚಂದಾ ಕಟ್ಟುವ ಹೊಸದನ್ನು ಹಾಕಿಸಿದೆ. ಫೈಲುಗಳನ್ನೆಲ್ಲ ಅದಕ್ಕೆ ಬದಲಾಯಿಸಿದೆ. ಹಳೆಯ ಸಾಫ್ಟ್‌ವೇರ್ ಇದ್ದ ಕಂಪ್ಯೂಟರನ್ನು ಗುಜರಿಯವನಿಗೆ ಹಾಕಿಸಿದವಳೂ ನಾನೇ.

ಆಮೇಲೆ ಹೋಟೆಲ್ ಮೇಜುಗಳಿಂದ ಮೆನು ಎದ್ದುಹೋಗಿ ಮೊಬೈಲಿಗೆ ತೋರಿಸುವ ಕಪ್ಪುಬಿಳಿ ಚೌಕ ಬಂತು. ಮದುವೆಯ ಕರೆ ವಾಟ್ಸಪ್ಪಿಗೆ ಹೋಯಿತು. ಕೆಲಸ ಕುಸಿದ ವರ್ಷ ಮಾಮನಿಗೆ ಚಂದಾ ಕಟ್ಟಲಾಗಲಿಲ್ಲ. ಫೈಲುಗಳ ಹೆಸರುಗಳು ಪರದೆಯ ಮೇಲೆ ಸಾಲಾಗಿ ಕಾಣುತ್ತಿದ್ದವು; ಒಂದೂ ತೆರೆಯುತ್ತಿರಲಿಲ್ಲ.

“ಮಾಮಾ, ಈ ವರ್ಷದ್ದು ನಾ ತುಂಬ್ತೀನ್ರಿ. ತಪ್ಪು ನಂದ ಅದ,” ಎಂದೆ.

“ಬರುವ ವರ್ಷ? ಅದರ ಮರುವರ್ಷ? ನಾನು ಎಳೆದ ಗೆರೆ ನೋಡ್ಲಿಕ್ಕೆ ನಾನೇ ಬಾಡಿಗೆ ಕೊಡುದಾ ಮಾರಾಯ್ತಿ?” ಎಂದು ಗೋಡೆಯ ತಂತಿಯತ್ತ ಕೈ ತೋರಿಸಿದರು. “ಕಾಗದ ಬಾಡಿಗೆ ಕೇಳುದಿಲ್ಲ.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟೆ. ಆ ವಯಸ್ಸಿನಲ್ಲಿ ಅವರು ಮೊದಲಿನಿಂದ ಕಲಿತರು. ಕೈ ಹಳೆಯ ಜಾಗಕ್ಕೇ ಓಡುತ್ತಿತ್ತು, ಅಲ್ಲಿ ಬೇಕಾದ ಬಟನ್ ಇರುತ್ತಿರಲಿಲ್ಲ. “ಬೇರೆಯವರ ಅಡಿಗೆಮನೆ ಇದು. ಉಪ್ಪು ಎಲ್ಲಿ ಇಟ್ಟಿದ್ದಾರೋ ದೇವರಿಗೇ ಗೊತ್ತು,” ಎನ್ನುತ್ತಿದ್ದರು. ತಂತಿಯಿಂದ ಒಂದೊಂದೇ ಕಾರ್ಡು ಇಳಿಸಿ, ಬಟರ್ ಪೇಪರಿಟ್ಟು ಮತ್ತೆ ಬರೆಯತೊಡಗಿದರು. ಮುಗಿದದ್ದಕ್ಕೆ ನೋಟುಬುಕ್ಕಿನ ಪಟ್ಟಿಯಲ್ಲಿ ಗುರುತು.

“ಯಾರ ಕೇಳ್ತಾರ್ರಿ ಮಾಮಾ ಇನ್ನ ಇವನ್ನ?” ಎಂದೆ ಒಮ್ಮೆ, ತಡೆಯಲಾರದೆ.

“ಕೇಳಿಕೊಂಡು ಬಂದವರಿಗೆ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?”

ಬರುವವರು ಯಾರೂ ಇರಲಿಲ್ಲ. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನೋಟುಬುಕ್ಕಿನ ಕೊನೆಯ ಸಾಲು ಉತ್ತರಕ್ರಿಯೆಯ ಕಾರ್ಡು. ಅದಕ್ಕೆ ಮಾತ್ರ ಗುರುತು ಬಿದ್ದಿರಲಿಲ್ಲ. ಕೇಳಿದರೆ, “ಅದಕ್ಕೆಂತ ಅರ್ಜೆಂಟ್? ಮೊದಲು ಮದುವೆದೆಲ್ಲ ಮುಗೀಲಿ,” ಎಂದು ನಕ್ಕರು.

ಕಳೆದ ಆಷಾಢದ ಒಂದು ಬೆಳಿಗ್ಗೆ ಶಟರ್ ಎತ್ತುವಾಗಲೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಮಾಮಿ ಅಂಗಡಿಯ ಕೀಲಿಕೈಯನ್ನು ನನ್ನ ಕೈಗಿತ್ತು, “ಅವರ ಕಾರ್ಡು ಹೊರಗೆ ಮಾಡಿಸುದು ಬೇಡ ಮಗಾ, ನೀನೇ ಮಾಡು,” ಎಂದರು. ಕಂಪ್ಯೂಟರ್ ತೆರೆದೆ. ಮೆನು, ಮದುವೆ, ನಾಮಕರಣ ಎಲ್ಲ ಇದ್ದವು. ತುಳಸಿಯ ಅಂಚು ಇರಲಿಲ್ಲ. ತಂತಿಯಲ್ಲಿ ಹುಡುಕಿದರೆ ಮೊದಲು ಕೈಗೆ ಸಿಕ್ಕಿದ್ದು ನನ್ನ ಅಪ್ಪನದು. ಅದರ ಮೇಲೆ ಬಟರ್ ಪೇಪರಿಟ್ಟು ಪೆನ್ಸಿಲ್ ಹಿಡಿದೆ. “ಮೂಲೆಯಲ್ಲಿ ಕೈ ನಿಲ್ಲಿಸಬೇಡ, ತಿರುಗಿಸಿಕೊಂಡೇ ಹೋಗು,” ಎಂದು ಕಲಿಸಿದ್ದರು. ನಾಲ್ಕೂ ಮೂಲೆಯಲ್ಲಿ ನನ್ನ ಕೈ ನಿಂತಿತು.

ಅಚ್ಚಾಗಿ ಬಂದ ಮೇಲೆ ಒಂದು ಪ್ರತಿಯನ್ನು ಅಪ್ಪನ ಕಾರ್ಡಿನ ಪಕ್ಕಕ್ಕೆ ಚುಚ್ಚಿ, ನೋಟುಬುಕ್ಕಿನ ಕೊನೆಯ ಸಾಲಿಗೆ ಗುರುತು ಹಾಕಿದೆ. ನಾನು ಕಳೆದದ್ದನ್ನೆಲ್ಲ ಅವರು ಮತ್ತೆ ಬರೆದಿಟ್ಟು ಹೋದರು. ನನ್ನ ಪಾಲಿಗೆ ಬಿಟ್ಟದ್ದು ಅದೊಂದನ್ನೇ.