ಡಾಂಬರ್ ಡ್ರಮ್ಮಿನ ಮಡಗಾರ್ಡು

ಮುಶಿಗೇರಿಯಲ್ಲಿ ಅಜ್ಜಪ್ಪನ ಶೆಡ್ಡು ಎಲ್ಲಿ ಎಂದು ಕೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. ನಗದೆ ಇನ್ನೇನು ಮಾಡಿಯಾರು? ಊರವರೆಲ್ಲ ಹಳೆಯ ಟ್ರ್ಯಾಕ್ಟರನ್ನು ಗುಜರಿಗೆ ಹಾಕಿ ಹೊಸದು ತಂದರೆ, ಈ ಪುಣ್ಯಾತ್ಮ ಗುಜರಿಯವನ ಅಂಗಳದಿಂದಲೇ ಹಳೆಯದನ್ನು ಎಳೆದು ತಂದು, ಮೇಲೆ ತಗಡು ಹೊದಿಸಿ ನೆರಳು ಮಾಡಿಕೊಟ್ಟವನು. ಯಾವಗಲ್ಲಿನ ಗೌಡರು ಬಿಸಾಕಿದ್ದು ಒಂದು. ಗಜೇಂದ್ರಗಡದ ವ್ಯಾಪಾರಿಯೊಬ್ಬನ ಗೋದಾಮಿನ ಹಿಂದೆ ಜಾಲಿಕಂಟಿಯೊಳಗೆ ಮುಚ್ಚಿಹೋಗಿದ್ದು ಇನ್ನೊಂದು. ಮೂರನೆಯದು ಅವನ ಮನೆಯದೇ ಆದ ಕೆಂಪು ಟ್ರ್ಯಾಕ್ಟರ್.

"ಅಜ್ಜಪ್ಪಾ, ಇವಕ್ಕ ಡೀಸೆಲ್ ಹಾಕ್ತೀಯೊ, ದನಕ್ಕ ಹಾಕಿದ್ಹಂಗ ಕಣಕಿ ಹಾಕ್ತೀಯೊ?" ಎಂದು ಕಟ್ಟೆಯ ಮೇಲೆ ಕೂತವರು ಕೆಣಕುತ್ತಾರೆ.

"ಮಾತು ಹಾಕ್ತೀನಿ. ಅದಕ್ಕs ಇನ್ನೂ ಬದುಕ್ಯಾವ," ಎನ್ನುತ್ತಾನೆ ಅವನು.

ಸುಳ್ಳಲ್ಲ. ಶೆಡ್ಡಿಗೆ ಬಂದವರು ಇದು ಎಷ್ಟು ಎಚ್‌ಪಿ ಎಂದು ಕೇಳಿದರೆ ಅಜ್ಜಪ್ಪನ ಮೂಗು ಕೆಂಪಾಗುತ್ತದೆ. ಅಂಥವರಿಗೆ ಚಹಾ ಸಿಗುವುದಿಲ್ಲ. ಇದನ್ನು ಯಾರು ರಿಪೇರಿ ಮಾಡಿದರು, ಯಾರ ಕೈ ಇದರೊಳಗಿದೆ ಎಂದು ಕೇಳಿದರೋ, ಚಹಾ ಬರುತ್ತದೆ, ಚುರಮುರಿ ಬರುತ್ತದೆ, ಹೊತ್ತು ಮುಳುಗುವ ತನಕ ಎದ್ದು ಹೋಗಲಿಕ್ಕೆ ಬಿಡುವುದಿಲ್ಲ. ಕಬ್ಬಿಣಕ್ಕೆ ತನ್ನದೆಂಬ ನೆನಪಿಲ್ಲ, ಅದನ್ನು ದುಡಿಸಿದವರ ನೆನಪೇ ಅದರ ಜೀವ ಎಂದು ಅವನು ಬಲವಾಗಿ ನಂಬಿದ್ದಾನೆ.

ಕೆಂಪು ಟ್ರ್ಯಾಕ್ಟರಿನ ಕಥೆಯನ್ನಂತೂ ಊರಿನ ನಾಯಿಗಳೂ ಕೇಳಿ ಬಾಯಿಪಾಠ ಮಾಡಿಕೊಂಡಿರಬೇಕು. ಅಜ್ಜಪ್ಪನಿಗೆ ಆಗ ಮೀಸೆ ಚಿಗುರುವ ವಯಸ್ಸು. ಅವನ ಅಪ್ಪ ಬೀಗರ ಮನೆಯ ಜೋಳದ ಚೀಲ ಸಾಗಿಸಲಿಕ್ಕೆ ಹೊಳೆಮಣ್ಣೂರಿಗೆ ಹೋಗಿದ್ದಾಗ ಮಲಪ್ರಭೆ ಏರಿತು. ದಂಡೆ ಕುಸಿದು ಟ್ರ್ಯಾಕ್ಟರ್ ಉರುಳಿಬಿತ್ತು. ಅಪ್ಪ ಈಜಿ ದಡ ಸೇರಿದ. ನೀರು ಇಳಿದ ಮೇಲೆ ಎತ್ತು ಹೂಡಿ ಎಳೆಸಿ ನೋಡಿದರೆ ಎಂಜಿನ್ನಿನ ತುಂಬ ರಾಡಿ, ಹಿಂದಿನ ಅಚ್ಚು ಮುರಿದಿದೆ, ಎಡಗಡೆಯ ಮಡಗಾರ್ಡನ್ನು ಹೊಳೆಯೇ ಒಯ್ದಿದೆ. ನೋಡಿದ ಮೇಸ್ತ್ರಿಗಳೆಲ್ಲ ಗುಜರಿಗೆ ಹಾಕಿ ಅಂದರು. ನರಗುಂದದ ಮಕ್ತುಮಸಾಬ ಒಬ್ಬನೇ ಬೀಡಿ ಸೇದುತ್ತ ಅದರ ಸುತ್ತ ತಿರುಗಿ, "ಎದಿ ಚಲೋ ಐತ್ರಿ. ಕೈಕಾಲು ಮುರದಾವ ಅಷ್ಟs. ಅವನ್ನ ನಾ ಮಾಡ್ತೀನಿ," ಅಂದ.

ಮಾಡಿಯೂ ಮಾಡಿದ. ಇನ್ನೊಂದು ಮುರಿದ ಟ್ರ್ಯಾಕ್ಟರಿನ ಹಿಂಭಾಗ ತಂದು ಇದಕ್ಕೆ ಕೂಡಿಸಿದ. ಮಡಗಾರ್ಡು ಎಲ್ಲಿಯೂ ಸಿಗದಿದ್ದಾಗ, ರಸ್ತೆ ಮಾಡುವವರು ಬಿಟ್ಟುಹೋದ ಡಾಂಬರ್ ಡ್ರಮ್ಮನ್ನು ಸೀಳಿ, ಕಲ್ಲಿನ ಮೇಲೆ ಇಟ್ಟು ಬಡಿದು ಬಡಿದು ಬಾಗಿಸಿದ. ಸಿಡುಬು ಎದ್ದ ಮುಖದಂತೆ ಮೈತುಂಬ ಸುತ್ತಿಗೆಯ ತಗ್ಗು ಇದ್ದ ಆ ಮಡಗಾರ್ಡಿನ ಮೇಲೆ ಕೂತುಕೊಂಡೇ ಅಜ್ಜಪ್ಪ ತನ್ನ ಮದುವೆಯ ದಿಬ್ಬಣ ಹೋದ.

ಮಕ್ತುಮಸಾಬ ತೀರಿಕೊಂಡು ಬಹಳ ವರ್ಷವಾಯಿತು. ಫೋಟೋ ತೆಗೆಸಿಕೊಳ್ಳಲು ನಾಚುವ ಮನುಷ್ಯ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಉಳಿದಿಲ್ಲ. ಈ ಸಲ ದಸರೆಗೆ ಮುಂಚೆ ಅವನ ಮೊಮ್ಮಗಳು ಅಫ್ರೀನ ಅಜ್ಜಪ್ಪನಿಗೆ ಫೋನು ಮಾಡಿದಳು.

"ಕಾಕಾ, ನಮ್ಮ ದಾದಿಗೆ ಈಗ ಕಣ್ಣು ಪೂರಾ ಹೋಗ್ಯಾವ್ರಿ. ಖಂಡೇ ಪೂಜಿ ಮರುದಿನ ಹುಬ್ಬಳ್ಳಿಗೆ ಕರಕೊಂಡು ಹೊಂಟೀವಿ, ಇನ್ನ ಅಲ್ಲೇ ಇರತಾಳ. ಹೋಗೂದ್ರಾಗ ದಾದಾನ ಟ್ರ್ಯಾಕ್ಟರ ಒಮ್ಮೆ ಮುಟ್ಟಬೇಕು ಅಂತ ಹಟಾ ಹಿಡದಾಳ್ರಿ."

"ಖಂಡೇ ಪೂಜಿ ದಿನs ಕರಕೊಂಡು ಬಾ ಮಗಳ," ಅಂದ ಅಜ್ಜಪ್ಪ. ಫೋನು ಇಟ್ಟವನಿಗೆ ಖುಷಿಯಲ್ಲಿ ನೆಲವೇ ಕಾಣಲಿಲ್ಲ. ಅಫ್ರೀನಳ ಅಜ್ಜಿ, ಮಕ್ತುಮಸಾಬನ ಹೆಂಡತಿ ಮಾಬೂಬಿ ಬರುತ್ತಾಳೆಂದರೆ ಟ್ರ್ಯಾಕ್ಟರ್ ಹಿಂಗೆ ಇರಬೇಕೇ? ರೋಣದಿಂದ ಬಣ್ಣ ಹಚ್ಚುವವನನ್ನು ಕರೆಸಿದ.

"ಮಡಗಾರ್ಡಿನ ತಗ್ಗು ತುಂಬಲೇನ್ರಿ?" ಅವನು ಕೇಳಿದ.

"ತುಂಬೋ ಮಾರಾಯಾ! ಮದುಮಗನ್ಹಂಗ ಕಾಣಬೇಕು."

ಅವನು ಪುಟ್ಟಿ ಮೆತ್ತಿದ, ತಿಕ್ಕಿದ, ಕೆಂಪು ಬಣ್ಣ ಹೊಡೆದ. ಮಡಗಾರ್ಡು ಕನ್ನಡಿಯಾಯಿತು. ಯಾರ ಕೈ ಇದರೊಳಗಿದೆ ಎಂದು ಊರಿಗೆಲ್ಲ ಪಾಠ ಹೇಳುವ ಅಜ್ಜಪ್ಪ ಅದರಲ್ಲಿ ತನ್ನ ಮುಖ ನೋಡಿ ಮೀಸೆ ತಿರುವಿಕೊಂಡ. ಏನನ್ನಬೇಕು ಇಂಥವನಿಗೆ!

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಶೆಡ್ಡಿನಲ್ಲಿ ಜಮಖಾನ ಹಾಸಿ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಉಳಿ, ಕುಡಗೋಲು ಎಲ್ಲವನ್ನೂ ಸಾಲಾಗಿ ಇಟ್ಟು ವಿಭೂತಿ ಬಳಿದು ಚೆಂಡು ಹೂವು ಏರಿಸಿದರು. ಹೀಗೆ ಪೂಜೆಗೆ ಕೂತ ಸಾಮಾನನ್ನು ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಯಾರೂ ಎತ್ತುವಂತಿಲ್ಲ. ಈ ವಿಷಯದಲ್ಲಿ ಅಜ್ಜಪ್ಪನ ಹೆಂಡತಿ ಅನ್ನಪೂರ್ಣೇಶ್ವರಿ ಗಂಡನಿಗಿಂತ ಬಿಗಿ. ಈಳಿಗೆಯನ್ನೂ ಪೂಜೆಗೆ ಇಡುವುದರಿಂದ ಪಲ್ಯಕ್ಕೆ ಬೇಕಾದದ್ದನ್ನು ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುವವಳು. ಒಂದು ವರ್ಷ ಪಕ್ಕದ ಹೊಲದ ದ್ಯಾವಪ್ಪ ಮೋಟಾರು ಕೆಟ್ಟಿದೆಯೆಂದು ಪಾನಾ ಕೇಳಲು ಬಂದಾಗ, "ದೇವರ ಮುಂದಿಂದು ಎತ್ತಿ ಕೊಡಲೇನು?" ಎಂದು ಬಾಗಿಲಿನಿಂದಲೇ ಕಳಿಸಿದ್ದಳು.

ಆರತಿ ಮುಗಿಯುವ ಹೊತ್ತಿಗೆ ಮಾಬೂಬಿ ಬಂದಳು. ಮೊಮ್ಮಗಳ ಹೆಗಲು ಹಿಡಿದಿದ್ದ ಅವಳ ಎಡಗೈಯ ಹೆಬ್ಬೆರಳು ಸೊಟ್ಟಗಿತ್ತು, ಉಗುರೇ ಇರಲಿಲ್ಲ. ಅಜ್ಜಪ್ಪ ಕೈಹಿಡಿದು ಒಳಗೆ ಕರೆದೊಯ್ದು ಅವಳ ಅಂಗೈಯನ್ನು ಮಡಗಾರ್ಡಿನ ಮೇಲೆ ಇಟ್ಟ.

"ಅಕ್ಕಾ, ಇದs ನೋಡ್ರಿ."

ಮಾಬೂಬಿ ಮೆಲ್ಲಗೆ ಸವರಿದಳು. ಮುಂದಕ್ಕೆ ಸವರಿದಳು, ಹಿಂದಕ್ಕೆ ಸವರಿದಳು. ಆಮೇಲೆ ಕೈ ತೆಗೆದುಬಿಟ್ಟಳು.

"ತಮ್ಮಾ, ಕಣ್ಣಿಲ್ಲದಾಕಿ ಅಂತ ಬ್ಯಾರೇದು ತೋರಸಾಕ್ಹತ್ತೀಯೇನು? ಇದು ಅವರದಲ್ಲ."

"ಅದs ಅಕ್ಕಾ, ಖರೇನ ಅದs. ನೀವು ಬರ್ತೀರಂತ... ಚಲೋ ಕಾಣಲಿ ಅಂತ... ತಗ್ಗೆಲ್ಲಾ ತುಂಬಿಸಿಬಿಟ್ಟೆ."

ಹೇಳುತ್ತ ಹೇಳುತ್ತಲೇ ತಾನು ಏನು ಮಾಡಿದ್ದೇನೆಂಬುದು ಅಜ್ಜಪ್ಪನಿಗೆ ತಿಳಿಯಿತು. ಮಾಬೂಬಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಇರಲಿ ಬಿಡು. ನುಣ್ಣಗ, ಚಂದ ಆಗೇತಿ," ಅಂದಳು. "ನಡಿ ಅಫ್ರೀನ. ಬಸ್ಸು ತಪ್ಪತೈತಿ."

ಅಜ್ಜಪ್ಪ ಜಮಖಾನದತ್ತ ತಿರುಗಿದ. ಹೊಸ ಪುಟ್ಟಿ, ಇನ್ನೂ ಗಟ್ಟಿ ಹಿಡಿದಿಲ್ಲ. ಉಳಿ ಹಾಕಿ ಕೆರೆದರೆ ಏಳುತ್ತದೆ. ಆದರೆ ಉಳಿಯ ಮೇಲೆ ಹೂವಿತ್ತು. ಅವನ ಕೈ ಮುಂದೆ ಹೋಯಿತು, ಅಲ್ಲಿಯೇ ನಿಂತಿತು. ಹುಟ್ಟಿದಾಗಿನಿಂದ ನಡೆಸಿಕೊಂಡು ಬಂದ ಪದ್ಧತಿ, ನಾಳೆ ಸಂಜೆಯ ತನಕ ಕಾಯಬೇಕು. ನಾಳೆ ಸಂಜೆ ಮಾಬೂಬಿ ಹುಬ್ಬಳ್ಳಿಯಲ್ಲಿರುತ್ತಾಳೆ. ಅಫ್ರೀನ ಆಗಲೇ ದಾದಿಗೆ ಚಪ್ಪಲಿ ಹಾಕಿಸುತ್ತಿದ್ದಳು.

ಆಗ ಅನ್ನಪೂರ್ಣೇಶ್ವರಿ ಬಗ್ಗಿದಳು. ಹೂವನ್ನು ತೆಗೆದು ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕೆ ಇಟ್ಟಳು. ಉಳಿಯನ್ನು ಎತ್ತಿ ಗಂಡನ ಮುಂದೆ ಹಿಡಿದಳು.

"ಪೂಜಿ ಮಾಡಿದ್ದು ಕಬ್ಬಿಣಕ್ಕೇನ್ರಿ, ದುಡಿದ ಕೈಗೇನ್ರಿ? ಹಿಡೀರಿ, ಲಗೂ ಕೆರೀರಿ."

ಅಜ್ಜಪ್ಪ ಕೆರೆದ. ಕೆಂಪು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಚೆಂಡು ಹೂವಿನ ಮೇಲೆ ಬಿತ್ತು. ಕಣ್ಣಲ್ಲಿ ನೀರು ಹರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಹಳೆಯ ಡ್ರಮ್ಮಿನ ತಗಡು ಅಷ್ಟಷ್ಟೇ ಹೊರಗೆ ಬಂತು, ತಗ್ಗು ತಗ್ಗಾಗಿ.

ಮಾಬೂಬಿ ಮತ್ತೆ ಕೈ ಇಟ್ಟಳು. ಬೆರಳುಗಳು ಒಂದು ತಗ್ಗಿನಿಂದ ಇನ್ನೊಂದಕ್ಕೆ ನಡೆದವು. ಅವಳ ಮುಖ ಬಿಚ್ಚಿಕೊಂಡಿತು.

"ಹಾಂ... ಇದು ಅವರ ಪೆಟ್ಟು. ಒಂದು ಜೋರು, ಒಂದು ಸಣ್ಣದು. ಬಡಿಯುವಾಗ ಬಾಯಾಗ ಏನರ ಗುಣುಗುಣು ಅಂತಿದ್ರು." ಕೈ ಅಂಚಿನ ತನಕ ಹೋಗಿ ನಿಂತಿತು. ಅಲ್ಲೊಂದು ತಗ್ಗು ಮಾತ್ರ ಓರೆಯಾಗಿ ಜಾರಿತ್ತು. ಮಾಬೂಬಿ ತನ್ನ ಸೊಟ್ಟ ಹೆಬ್ಬೆರಳನ್ನು ಅದರ ಪಕ್ಕಕ್ಕೆ ಒತ್ತಿ ಹಿಡಿದಳು.

"ಇಲ್ಲಿ ಸುತಗಿ ಜಾರಿತ್ತು, ತಮ್ಮಾ. ಒಬ್ಬರ ಕೈಲೆ ಈ ಕೆಲಸ ಆಗತೈತೇನು? ಕೈಗೆ ಗೋಣಿತಟ್ಟು ಸುತ್ತಿಕೊಂಡು ತಗಡ ಹಿಡಿದಾಕಿ ನಾನs. ಅವತ್ತ ಅವರು ಉಣ್ಣಲಿಲ್ಲ. ನನಗ ಮಾತ್ರ ತುತ್ತು ಮಾಡಿ ಉಣಿಸಿದ್ರು."

ಅಜ್ಜಪ್ಪನ ಕೈಯಲ್ಲಿ ಉಳಿ ಹಾಗೆಯೇ ಇತ್ತು. ಆ ದಿನಗಳಲ್ಲಿ ಅಪ್ಪನ ಜೊತೆ ನರಗುಂದಕ್ಕೆ ಹೋದಾಗ ಇವಳ ಕೈಯಿಂದಲೇ ಅವನು ಚಹಾ ಕುಡಿದಿದ್ದ. ಹೆಬ್ಬೆರಳಿಗೆ ಅರಿವೆ ಸುತ್ತಿದ್ದನ್ನು ನೋಡಿದ್ದ. ಏನಾಯಿತಕ್ಕಾ ಎಂದು ಒಂದು ಮಾತು ಕೇಳಿರಲಿಲ್ಲ.

ಆ ಮಡಗಾರ್ಡಿಗೆ ಅಜ್ಜಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ; ತುಕ್ಕು ತಿನ್ನದ ಹಾಗೆ ಎಣ್ಣೆಯ ಅರಿವೆಯಿಂದ ಒರೆಸುತ್ತಾನೆ. ಕೆಂಪು ಟ್ರ್ಯಾಕ್ಟರನ್ನು ಕಟ್ಟಿದವರು ಯಾರು ಎಂದು ಕೇಳಿದವರಿಗೆ, "ಮಾಬೂಬಿ, ಮಕ್ತುಮಸಾಬ, ಹೆಂಡ್ತಿ ಗಂಡ ಕೂಡಿ ಕಟ್ಟಿದ್ದು," ಎನ್ನುತ್ತಾನೆ. ಆ ಓರೆ ತಗ್ಗಿನ ಪಕ್ಕ ಕೇಳಿದವರ ಹೆಬ್ಬೆರಳನ್ನೇ ಇಡಿಸುತ್ತಾನೆ. ಚಹಾ ಆಮೇಲೆ ಬರುತ್ತದೆ.