ಮೆಟ್ಟಿಲ ಮೇಲೆ ಸತ್ತ ಹನ್ನೊಂದು ಜನ

ಮೊದಲು ಒಂದು ಉದ್ದನೆಯ ಶಿಳ್ಳೆ. ಆಮೇಲೆ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚರ್ರೆನ್ನುವ ಸದ್ದು, ಒಂದೇ ಸಮನೆ ನಾಲ್ಕೂವರೆ ನಿಮಿಷ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಗೇಮ್ ಲೋಡ್ ಆಗುತ್ತಿದ್ದ ಸದ್ದು ಅದು. ಆಗ ಪ್ರೋಗ್ರಾಮುಗಳು ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದವು, ಕಂಪ್ಯೂಟರಿಗೆ ಟೀವಿಯೇ ಪರದೆ. ನಡುವೆ ಯಾರಾದರೂ ಟೇಬಲ್ಲು ಅಲುಗಿಸಿದರೆ ಮತ್ತೆ ಮೊದಲಿನಿಂದ ಶುರು. ಇವತ್ತಿಗೂ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ, ಒಂದು ಕ್ಷಣ ನಾನು ಟೀವಿ ಪರದೆಯ ಕಡೆ ತಿರುಗುತ್ತೇನೆ.

ಅದು 1986. ಅಂಧೇರಿ ಪೂರ್ವದ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಮೂರನೆಯ ಮಹಡಿಯಲ್ಲಿ ನಮ್ಮ ಆಫೀಸು. ಇಂಗ್ಲೆಂಡಿನ ಒಂದು ಕಂಪನಿಗೆ ಕಂಪ್ಯೂಟರ್ ಗೇಮುಗಳನ್ನು ಬರೆದುಕೊಡುವ ಕೆಲಸ. ನನ್ನ ಹುದ್ದೆ ‘ಟೆಕ್ಸ್ಟ್ ಅಂಡ್ ಟೆಸ್ಟಿಂಗ್’. ಮೈಸೂರಿನ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಬಿಟ್ಟರೆ ನನ್ನಲ್ಲಿ ಬೇರೆ ಕ್ವಾಲಿಫಿಕೇಶನ್ ಇರಲಿಲ್ಲ. ವಯಸ್ಸು ನಲವತ್ತೊಂದು. ಕಾಂದಿವಲಿಯಿಂದ ದಿನಾ ಲೋಕಲ್ಲಿನಲ್ಲಿ ಬಂದು ಭೂತಬಂಗಲೆಯ ಕೋಣೆಗಳನ್ನು ವರ್ಣಿಸುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿದರೆ ‘ಟೈಪಿಂಗ್’ ಎಂದುಬಿಡುತ್ತಿದ್ದೆ.

ಆ ಗೇಮುಗಳಲ್ಲಿ ಚಿತ್ರ ಕಡಿಮೆ, ಓದುವುದೇ ಹೆಚ್ಚು. ‘ನೀನು ಹಜಾರದಲ್ಲಿದ್ದೀಯೆ, ಉತ್ತರಕ್ಕೆ ಬಾಗಿಲು’ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುತ್ತದೆ. ಆಡುವವರು ‘ಓಪನ್ ಡೋರ್’ ಎಂದೋ ‘ಟೇಕ್ ಲ್ಯಾಂಪ್’ ಎಂದೋ ಟೈಪ್ ಮಾಡಬೇಕು. ನಮ್ಮ ಬಂಗಲೆಯಲ್ಲಿ ಮೂವತ್ತೆರಡು ಕೋಣೆಗಳು, ಮಹಡಿಯ ಮೇಲೆ ಸತ್ತು ದೆವ್ವವಾಗಿ ಮಲಗಿರುವ ಒಬ್ಬಳು ಮುದುಕಿ. ಆಕೆಯನ್ನು ಎಚ್ಚರಿಸದೆ ಮನೆಯ ಎಲ್ಲ ಬೀಗ ತೆಗೆದು ಹೊರಬಂದರೆ ಗೆಲುವು. ಆಕೆ ಎದ್ದರೆ ಮುಗಿಯಿತು.

ಇದನ್ನು ಪ್ರೋಗ್ರಾಮ್ ಮಾಡಿದವನು ಸದಾನಂದ, ಉಡುಪಿ ಕಡೆಯ ಹುಡುಗ, ಇಪ್ಪತ್ತಾರು ವರ್ಷ. ಅವನ ಅಣ್ಣನದು ಗ್ರಾಂಟ್ ರೋಡಿನಲ್ಲಿ ಹೋಟೆಲು. ‘ಈ ಒಂದು ಆಟ ನೋಡುವ. ಇದು ಕೈಹಿಡಿಯದಿದ್ದರೆ ಬಂದು ಗಲ್ಲಾದಲ್ಲಿ ಕೂತುಕೋ’ ಎಂದು ಅಣ್ಣ ಹೇಳಿಬಿಟ್ಟಿದ್ದರು. ಹೋಟೆಲಿನ ಗಲ್ಲಾದಲ್ಲಿ ಕೂರುವುದು ಸಣ್ಣ ಕೆಲಸವೇನಲ್ಲ. ಆದರೆ ಸದಾನಂದ ಹತ್ತು ತಿಂಗಳು ಆ ಬಂಗಲೆಯಲ್ಲೇ ವಾಸ ಮಾಡಿದ್ದ. ಊಟಕ್ಕೆ ಕೂತಾಗಲೂ ಅವನ ಬೆರಳು ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ನಕ್ಷೆ ಎಳೆಯುತ್ತಿತ್ತು.

ನವೆಂಬರಿನಲ್ಲಿ ಮಾಸ್ಟರ್ ಕ್ಯಾಸೆಟ್ಟು ಇಂಗ್ಲೆಂಡಿಗೆ ಹೋಯಿತು. ಜೊತೆಗೆ ನಾನು ಸಹಿ ಮಾಡಿದ ಟೆಸ್ಟ್ ಶೀಟು: ಆರು ಜನ ಆಡಿದ್ದಾರೆ, ಆರೂ ಜನ ಕೊನೆ ಮುಟ್ಟಿದ್ದಾರೆ, ದೋಷವಿಲ್ಲ.

ಎರಡು ವಾರ ಕಳೆದು ಒಂದು ಸೋಮವಾರ ಟೆಲೆಕ್ಸ್ ಬಂತು. ಟೆಲೆಕ್ಸ್ ಅಂದರೆ ತಂತಿಯ ಮೇಲೆ ಬಂದು ತಾನೇ ಟೈಪ್ ಆಗುವ ಪತ್ರ. ನಮ್ಮಲ್ಲಿ ಆ ಮಶೀನು ಇರಲಿಲ್ಲ, ಗ್ರೌಂಡ್ ಫ್ಲೋರಿನ ಗಾರ್ಮೆಂಟ್ ಎಕ್ಸ್‌ಪೋರ್ಟರ ಆಫೀಸಿನಲ್ಲಿತ್ತು. ಅವರ ಕ್ಲರ್ಕು ತಂದುಕೊಟ್ಟ ಕಾಗದದಲ್ಲಿ ಮೂರೇ ಸಾಲು: ಪ್ರೋಗ್ರಾಮಿನಲ್ಲಿ ದೋಷವಿದೆ. ನಮ್ಮ ಹನ್ನೊಂದು ಜನರೂ ಮೆಟ್ಟಿಲ ಮೇಲೆ ಸತ್ತಿದ್ದಾರೆ, ಪ್ರತಿ ಸಲವೂ. ಸರಿಪಡಿಸಿದ ಕ್ಯಾಸೆಟ್ಟು ಶುಕ್ರವಾರದೊಳಗೆ ಹೊರಡದಿದ್ದರೆ ಕಾಂಟ್ರಾಕ್ಟ್ ರದ್ದು.

ನಮ್ಮ ಬಾಸ್ ದೇಸಾಯಿಯವರು, ಧಾರವಾಡದವರು, ಕಾಗದವನ್ನು ಎರಡು ಸಲ ಓದಿ ಸದಾನಂದನ ಮುಂದಿಟ್ಟರು. “ಏನಪಾ ಇದು? ಹನ್ನೊಂದು ಮಂದಿನ್ನ ಒಂದ ಮೆಟ್ಟಲ ಮ್ಯಾಲೆ ಕೊಂದೀಯಲ್ಲೋ.”

“ನನ್ನ ಕೋಡ್ ಸರಿ ಉಂಟು ಸರ್.”

“ಸರಿ ಇದ್ದರ ಸಾಯತಾರೇನು?”

ಮಂಗಳವಾರವೆಲ್ಲ ಸದಾನಂದ ಕೋಡ್ ಜಾಲಾಡಿದ. ತೊಂದರೆ ಏನೆಂದರೆ, ಆ ಮೆಟ್ಟಿಲ ಮೇಲೆ ಸಾಯಲು ನಾಲ್ಕೈದು ದಾರಿಗಳಿದ್ದವು: ಕೊಳೆತ ಮೆಟ್ಟಿಲು, ಆರಿದ ದೀಪ, ಹೀಗೆ. ಆದರೆ ಸಾವಿನ ಮೆಸೇಜು ಒಂದೇ. ಆ ಕಂಪ್ಯೂಟರಿನ ಒಟ್ಟು ಮೆಮರಿ ನಲವತ್ತೆಂಟು ಕೆ, ಅಂದರೆ ಇವತ್ತು ನಿಮ್ಮ ಫೋನಿನ ಒಂದು ಫೋಟೋ ಕೂಡ ಹಿಡಿಸದಷ್ಟು. ಒಂದೊಂದು ಸಾವಿಗೆ ಒಂದೊಂದು ವಾಕ್ಯ ಕೊಡುವ ಐಷಾರಾಮ ನಮಗಿರಲಿಲ್ಲ. ಹಾಗಾಗಿ ಅವರು ಯಾವುದರಿಂದ ಸತ್ತರೆಂದು ತಿಳಿಯುತ್ತಿರಲಿಲ್ಲ. ನಾನು ಬೆಳಗಿನಿಂದ ಸಂಜೆ ಐದರವರೆಗೆ ಹತ್ತೊಂಬತ್ತು ಸಲ ಆಡಿದೆ. ಒಮ್ಮೆಯೂ ಸಾಯಲಿಲ್ಲ. ಜೀವಂತ ಇರುವುದು ಅಷ್ಟು ಬೇಸರ ತರಿಸಬಹುದು ಎಂದು ನನಗೆ ಗೊತ್ತಿರಲಿಲ್ಲ.

ಸದಾನಂದನಿಗೆ ಅನುಮಾನ, ಕ್ಯಾಸೆಟ್ಟು ಕಾಪಿ ಮಾಡುವಾಗ ಕೆಟ್ಟಿರಬೇಕೆಂದು. ದೇಸಾಯಿಯವರಿಗೆ ಅನುಮಾನ, ಸದಾನಂದನೇ ಕೆಟ್ಟಿರಬೇಕೆಂದು. “ಶುಕ್ರವಾರದ ಮಟ ನೋಡತೀನಿ ನಳಿನಿಯವರ. ಆಮ್ಯಾಲೆ ಅಂವಾ ಗ್ರಾಂಟ್ ರೋಡಿಗೆ ಹೋಗಲಿ, ನಾನು ಆಫೀಸಿಗೆ ಕೀಲಿ ಹಾಕತೀನಿ” ಎಂದರು.

ನನ್ನನ್ನು ಚುಚ್ಚುತ್ತಿದ್ದುದು ಬೇರೆಯೇ. ಕೋಡ್ ಅವನದು, ಸಹಿ ನನ್ನದು. ದೋಷವಿಲ್ಲ ಎಂದು ಬರೆದವಳು ನಾನು. ಅವನನ್ನು ಗಲ್ಲಾಕ್ಕೆ ಕಳಿಸಿ ನಾನು ಲೋಕಲ್ಲು ಹತ್ತಿ ಮನೆಗೆ ಹೋಗುವುದು ಸಾಧ್ಯವಿರಲಿಲ್ಲ.

ಬುಧವಾರ ಬೆಳಿಗ್ಗೆ ಕೆಳಗಿಳಿದು ನಾನೇ ಟೆಲೆಕ್ಸ್ ಕಳಿಸಿದೆ. ಏನು ತಪ್ಪಾಯಿತೆಂದು ಕೇಳಲಿಲ್ಲ. ಅದನ್ನು ಅವರು ಆಗಲೇ ಹೇಳಿದ್ದರು. ‘ನಿಮ್ಮಲ್ಲಿ ಒಬ್ಬರು ಮೊದಲ ಪದದಿಂದ ಸಾಯುವ ತನಕ ಟೈಪ್ ಮಾಡಿದ್ದನ್ನೆಲ್ಲ, ಒಂದೂ ಬಿಡದೆ ಕಳಿಸಿ’ ಎಂದು ಬರೆದೆ. ದೇಸಾಯಿಯವರಿಗೆ ಇದು ಟೈಮ್ ವೇಸ್ಟ್ ಅನ್ನಿಸಿತು. ಅನ್ನಿಸಲಿ ಎಂದುಕೊಂಡೆ.

ಗುರುವಾರ ಹತ್ತು ಗಂಟೆಗೆ ಉತ್ತರ ಬಂತು. ಹದಿನಾಲ್ಕು ಸಾಲು. ನಾನು ಆಡುವಾಗ ಟೈಪ್ ಮಾಡಿದ್ದನ್ನೆಲ್ಲ ಬರೆದಿಟ್ಟಿದ್ದ ಶೀಟನ್ನು ಪಕ್ಕದಲ್ಲಿಟ್ಟು, ಸ್ಕೇಲು ಇಟ್ಟು ಸಾಲು ಸಾಲಾಗಿ ಹೋಲಿಸಿದೆ. ಅವರ ಮೊದಲ ಸಾಲು: ‘ಓಪನ್ ಡೋರ್’. ನನ್ನ ಮೊದಲ ಸಾಲು: ‘ರಿಮೂವ್ ಶೂಸ್’.

ಉಳಿದ ಐದು ಜನರ ಶೀಟು ತೆಗೆದೆ. ಆರೂ ಜನರ ಮೊದಲ ಸಾಲು ಒಂದೇ. ಗೇಮ್ ಶುರುವಾಗುವುದು ಬಂಗಲೆಯ ಹೊಸ್ತಿಲಲ್ಲಿ: ನೀನು ಕೋಟು ಮತ್ತು ಶೂಸ್ ಹಾಕಿದ್ದೀಯೆ, ಎದುರಿಗೆ ಬಾಗಿಲು. ಆರು ಜನವೂ ಯಾರೂ ಹೇಳದೆಯೇ ಮೊದಲು ಶೂಸ್ ಬಿಚ್ಚಿದ್ದೆವು. ಬಿಚ್ಚದೆ ಏನು ಮಾಡಿಯೇವು? ನಮ್ಮ ಮನೆಗಳ ಮಾತು ಹಾಗಿರಲಿ, ಕಂಪ್ಯೂಟರಿಗೆ ಧೂಳು ತಗಲಬಾರದೆಂದು ಆಫೀಸಿನ ಏಸಿ ರೂಮಿನ ಹೊರಗೇ ಚಪ್ಪಲಿ ಸ್ಟ್ಯಾಂಡು. ಗೇಮ್ ಪರೀಕ್ಷಿಸಿದ ಆರೂ ಜನ ಬರಿಗಾಲಲ್ಲಿ ಕೂತಿದ್ದವರು.

“ಸದಾನಂದ, ಶೂಸ್ ಹಾಕಿಕೊಂಡು ಮೆಟ್ಟಿಲು ಹತ್ತಿದರೆ ಏನಾಗತ್ತೆ?”

“ಸದ್ದಾಗ್ತದೆ. ಮುದುಕಿ ಏಳ್ತಾಳೆ.” ಅವನು ತಲೆ ಎತ್ತಿದ. “ಅದು ನಾನು ಶುರುವಿಗೇ ಬರೆದದ್ದು ಮೇಡಂ. ಯಾಕೆ?”

ಟೆಲೆಕ್ಸನ್ನು ಅವನ ಮುಂದಿಟ್ಟೆ. ಓದಿದ. ಮತ್ತೆ ಓದಿದ. ಅವನ ಮುಖದಲ್ಲಿ ಸಮಾಧಾನ ಕಾಣುತ್ತದೆ ಎಂದುಕೊಂಡಿದ್ದೆ, ಕಂಡದ್ದು ಅಸಹ್ಯ. “ಎಂತ ಮಾರಾಯ್ರೆ ಇವರು, ಶೂ ಹಾಕ್ಕೊಂಡೇ ಇನ್ನೊಬ್ಬರ ಮನೆ ಒಳಗೆ ಹೋದದ್ದಾ?”

“ಸುಳಿವು ಯಾಕೆ ಇಡಲಿಲ್ಲ ನೀನು?”

“ಅದು ಪಝಲ್ ಅಂತ ನಾನು ಇಟ್ಟದ್ದೇ ಅಲ್ಲ. ಮನೆಗೆ ಹೋಗುವಾಗ ಚಪ್ಪಲಿ ಬಿಡ್ಲಿಕ್ಕೆ ಯಾರಾದ್ರೂ ಸುಳಿವು ಕೊಡ್ತಾರಾ?”

ದೇಸಾಯಿಯವರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬಾಸ್ ಆದರು. “ಭಾಳ ಚಲೋ ಆತು. ಆ ಶೂಸಿಂದು ತಗದ ಒಗಿ. ಹತ್ತ ಮಿನಿಟಿನ ಕೆಲಸ.”

ಸದಾನಂದ ಕೀಬೋರ್ಡನ್ನು ಹತ್ತಿರ ಎಳೆದುಕೊಂಡ. ಅವನಿಗೆ ಎದುರು ಹೇಳುವ ಧೈರ್ಯ ಆ ವಾರ ಉಳಿದಿರಲಿಲ್ಲ. ನಾನು ಹೇಳಿದೆ: “ತೆಗೆಯೋದು ಬೇಡ ಸರ್. ಆ ಮನೇಲಿ ಭಯ ಹುಟ್ಟೋದೇ ಮೇಲೆ ಒಬ್ಬಳು ಕೇಳಿಸಿಕೊಳ್ತಾ ಇದ್ದಾಳೆ ಅನ್ನೋದರಿಂದ. ಅದು ಹೋದರೆ ಉಳಿಯೋದು ಮೂವತ್ತೆರಡು ಖಾಲಿ ರೂಮು. ತಪ್ಪು ನನ್ನದು, ಸಹಿ ನನ್ನದು. ನಾಳೆ ಮಧ್ಯಾಹ್ನದವರೆಗೆ ಟೈಮ್ ಕೊಡಿ, ಒಂದು ಸುಳಿವು ಬರೀತೀನಿ.”

“ಜಾಗ ಎಷ್ಟ ಅದಪಾ?” ಎಂದು ಅವರು ಸದಾನಂದನನ್ನು ಕೇಳಿದರು.

“ಇಪ್ಪತ್ತೆರಡು ಬೈಟ್ ಸರ್.”

ಒಂದು ಬೈಟಿಗೆ ಒಂದು ಅಕ್ಷರ. ನಡುವಿನ ಖಾಲಿ ಜಾಗಕ್ಕೂ ಒಂದು, ಸಾಲು ಮುಗಿಯಿತೆಂದು ಮಶೀನಿಗೆ ತಿಳಿಸಲು ಒಂದು. ನನಗೆ ಉಳಿದದ್ದು ಇಪ್ಪತ್ತೊಂದು. ಶೂಸ್ ಬಿಚ್ಚಿ ಎಂದು ನೇರ ಹೇಳಿದರೆ ಅದು ಗೇಮ್ ಅಲ್ಲ, ನೋಟೀಸ್ ಬೋರ್ಡು. ಹೇಳದಿದ್ದರೆ ಮತ್ತೆ ಹನ್ನೊಂದು ಹೆಣ. ಆ ದಿನವೆಲ್ಲ ಗ್ರಾಫ್ ಕಾಗದದ ಚೌಕಗಳಲ್ಲಿ ಒಂದೊಂದೇ ಅಕ್ಷರ ತುಂಬಿ ಹೊಡೆದುಹಾಕಿದೆ. ಶುಕ್ರವಾರ ಬೆಳಗಿನ ಲೋಕಲ್ಲಿನಲ್ಲಿ, ಗೋರೆಗಾಂವ್ ದಾಟುವಾಗ, ನನಗೆ ನಮ್ಮ ಕಾನ್ವೆಂಟಿನ ಮರದ ಮೆಟ್ಟಿಲು ನೆನಪಾಯಿತು. ಮದರ್ ಸುಪೀರಿಯರ್ ಅವರ ಶೂಸಿನ ಹಿಮ್ಮಡಿ ಟಕ್ ಟಕ್ ಎಂದು ಆ ಮೆಟ್ಟಿಲಿಗೆ ಬಡಿದರೆ ಮೇಲಿನ ಡಾರ್ಮಿಟರಿಯಲ್ಲಿ ಮಲಗಿದ್ದ ನಲವತ್ತು ಹುಡುಗಿಯರು ಒಟ್ಟಿಗೆ ಏಳುತ್ತಿದ್ದೆವು. ಶೂಸ್ ಹಾಕಿಕೊಂಡೇ ಮನೆಯೊಳಗೆ ಓಡಾಡುವವರನ್ನು ಎಂಟು ವರ್ಷ ಕಣ್ಣಾರೆ ಕಂಡಿದ್ದ ನಾನೇ ಅದನ್ನು ಮರೆತು ಸಹಿ ಹಾಕಿದ್ದೆ.

ಆಫೀಸಿಗೆ ಬಂದು ಚಪ್ಪಲಿ ಬಿಟ್ಟು, ನಿಂತುಕೊಂಡೇ ಬರೆದುಕೊಟ್ಟೆ: ‘ಹಾರ್ಡ್ ಹೀಲ್ಸ್ ವೇಕ್ ಹರ್.’ ಗಟ್ಟಿ ಹಿಮ್ಮಡಿ ಅವಳನ್ನು ಎಬ್ಬಿಸುತ್ತದೆ, ಅಷ್ಟೇ. ಇಂಗ್ಲಿಷಿನಲ್ಲಿ ಚುಕ್ಕೆ ಸೇರಿ ಇಪ್ಪತ್ತು ಅಕ್ಷರ. ಸದಾನಂದ ಬೆರಳು ಮಡಚಿ ಎಣಿಸಿ, “ಒಂದು ಉಳಿಯಿತು ಮೇಡಂ, ಏನು ಮಾಡುವ?” ಎಂದ. ಇಡೀ ವಾರದಲ್ಲಿ ಅವನು ನಕ್ಕದ್ದು ಆಗಲೇ.

ಮೆಟ್ಟಿಲ ಬುಡದ ವರ್ಣನೆಗೆ ಆ ಸಾಲು ಸೇರಿತು. ಈ ಸಲ ನಾನು ಸಹಿ ಮಾಡುವ ಮೊದಲು ಗ್ರೌಂಡ್ ಫ್ಲೋರಿನ ಗಾರ್ಮೆಂಟ್ ಆಫೀಸಿನಿಂದ ಮೂವರನ್ನು ಕರೆದು, ಬೇಕೆಂದೇ ‘ಓಪನ್ ಡೋರ್’ನಿಂದ ಶುರು ಮಾಡಿಸಿದೆ. ಮೂವರೂ ಮೆಟ್ಟಿಲ ಬುಡದಲ್ಲಿ ನಿಂತು ಯೋಚಿಸಿದರು. ಮೂವರೂ ಬದುಕಿದರು. ಎರಡು ಗಂಟೆಗೆ ಕ್ಯಾಸೆಟ್ಟು ಹೊರಟಿತು, ಜೊತೆಗೆ ತಪ್ಪು ಟೆಸ್ಟಿಂಗಿನದು, ಪ್ರೋಗ್ರಾಮಿನದಲ್ಲ ಎಂದು ನಾನು ಬರೆದ ಪತ್ರ. ಮುಂದಿನ ವಾರ ಬಂದ ಟೆಲೆಕ್ಸಿನಲ್ಲಿ ಎರಡೇ ಪದ: ‘ಆಲ್ ಅಲೈವ್’.

ಸದಾನಂದ ಗಲ್ಲಾಕ್ಕೆ ಹೋಗಲಿಲ್ಲ. ಇನ್ನೂ ನಾಲ್ಕು ವರ್ಷ ನಾವು ಅದೇ ರೂಮಿನಲ್ಲಿ ಬಂಗಲೆಗಳನ್ನು ಕಟ್ಟಿದೆವು. ಕೆಲಸ ನನಗೆ ಕಲಿಸಿದ್ದು ಇಷ್ಟು: ಪರೀಕ್ಷೆಗೆ ನಮ್ಮಂಥವರನ್ನೇ ಕೂರಿಸಿದರೆ ನಮ್ಮ ಅಭ್ಯಾಸ ಪಾಸಾಗುತ್ತದೆ, ಕೆಲಸ ಅಲ್ಲ. ಎದುರಿನವರು ತಪ್ಪು ಎಂದಾಗ ವಾದಕ್ಕೆ ಇಳಿಯದೆ, ಅವರು ಇಟ್ಟ ಮೊದಲ ಹೆಜ್ಜೆ ಯಾವುದೆಂದು ಕೇಳಬೇಕು. ಆಮೇಲೆ ಅನೇಕ ಕಡೆ, ಮನೆಯಲ್ಲಿ ಕೂಡ, ಇದು ನನಗೆ ಉಪಯೋಗಕ್ಕೆ ಬಂದಿದೆ.

1990ರ ಹೊತ್ತಿಗೆ ಆ ಕಂಪ್ಯೂಟರಿನ ಕಾಲ ಮುಗಿದು ಆಫೀಸು ಮುಚ್ಚಿತು. ಸದಾನಂದನಿಗೆ ಬೇರೊಂದು ಕಂಪನಿಯಲ್ಲಿ ಪ್ರೋಗ್ರಾಮರ್ ಕೆಲಸವೇ ಸಿಕ್ಕಿತು. ಎರಡು ವರ್ಷದ ನಂತರ ಒಂದು ಭಾನುವಾರ ಮಧ್ಯಾಹ್ನ ಗ್ರಾಂಟ್ ರೋಡಿನ ಹೋಟೆಲಿಗೆ ಹೋದೆ. ಗಲ್ಲಾದಲ್ಲಿ ಅಣ್ಣ ಕೂತಿದ್ದರು. ಸದಾನಂದ ಹೆಂಡತಿಯೊಂದಿಗೆ ಅಣ್ಣನ ಮನೆಗೆ ಬಂದಿದ್ದ. “ಮೇಲೆ ಬನ್ನಿ ಮೇಡಂ, ತೋರಿಸ್ಲಿಕ್ಕೆ ಉಂಟು” ಎಂದು ಹಿಂಬದಿಗೆ ಕರೆದುಕೊಂಡು ಹೋದ. ಹಳೆಯ ಬಿಲ್ಡಿಂಗು, ಮನೆಗೆ ಹತ್ತಲು ಮರದ ಮೆಟ್ಟಿಲು. ಬುಡದಲ್ಲಿ ಅವನು ನಿಂತ, ಬಾಗಿ ತನ್ನ ಶೂಸ್ ಬಿಚ್ಚಿ ಕೈಯಲ್ಲಿ ಹಿಡಿದ. ನನ್ನ ಹೀಲ್ಸ್ ಚಪ್ಪಲಿಯ ಕಡೆ ನೋಡಿದ.

“ಮಗಳಿಗೆ ಒಂದೂವರೆ ತಿಂಗಳು. ಈಗಷ್ಟೇ ಮಲಗಿದ್ದು,” ಎಂದು ಪಿಸುಗುಟ್ಟಿದ.

ನಾನೂ ಬಿಚ್ಚಿದೆ. ಚಪ್ಪಲಿ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು, ಇಬ್ಬರೂ ಹತ್ತಿದೆವು. ಮಗು ಏಳಲಿಲ್ಲ. ಅವನನ್ನು ನಾನು ನೋಡಿದ್ದು ಅದೇ ಕೊನೆ: ಒಂದು ಕೈಯಲ್ಲಿ ಶೂಸ್, ಇನ್ನೊಂದರಲ್ಲಿ ತೊಟ್ಟಿಲ ಹಗ್ಗ.