ಬಿಡಿ ಕಾಯಿ ಉಳಿಯದ ಲೆಕ್ಕ

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ, ಏಳನೇ ಕ್ಲಾಸಿಗೆ. ಮೇಷ್ಟ್ರು ಕಲಿಸಿದ್ದರಲ್ಲಿ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಒಂದೇ: ಯಾವುದೇ ಸಂಖ್ಯೆಯ ಅಂಕಿಗಳನ್ನು ಕೂಡಿಸು, ಆ ಮೊತ್ತ ಮೂರರಿಂದ ಭಾಗವಾದರೆ ಇಡೀ ಸಂಖ್ಯೆಯೂ ಶೇಷವಿಲ್ಲದೆ ಭಾಗವಾಗುತ್ತದೆ.

ಎರಡು ಸಾವಿರದ ಇಸವಿಯಲ್ಲಿ ಹೊಸದುರ್ಗದ ಒಂದು ತೆಂಗಿನಕಾಯಿ ಮಂಡಿಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ತೋಟದವರು ಎಣಿಸಿ ಚೀಟಿ ಕೊಡುತ್ತಿದ್ದರು. ಮಂಡಿಯಲ್ಲಿ ಸಾಹುಕಾರರ ಹೊಸ ಅಳಿಯ ಮತ್ತೆ ಎಣಿಸುತ್ತಿದ್ದ. ಎರಡೂ ಕಡೆ ಒಂದು ಎಸೆತಕ್ಕೆ ಮೂರು ಕಾಯಿ. ನೂರು ಎಸೆತವಾದರೆ ಗುರುತಿಗೊಂದು ಕಲ್ಲಿಟ್ಟು ಮತ್ತೆ ಮೊದಲಿನಿಂದ.

ಒಂದು ದಿನ ತೋಟದ ಚೀಟಿಯಲ್ಲಿ ೧೨೦೬ ಇತ್ತು, ಮಂಡಿಯಲ್ಲಿ ೧೧೯೪ ಬಂತು. ದಾರಿಯಲ್ಲಿ ಲೋಡಿನ ಜೊತೆಗಿದ್ದವನು ನಾನೊಬ್ಬನೇ.

"ಏನಪ್ಪ, ಹನ್ನೆರಡು ಕಾಯಿಗೆ ದಾರಿಯಾಗೆ ಕಾಲು ಬಂದ್ವಾ?" ಎಂದರು ಸಾಹುಕಾರರು.

ಕಳ್ಳನೆನಿಸಿಕೊಂಡರೆ ಊರಿನ ಯಾವ ಮಂಡಿಯವನೂ ನನ್ನ ಕೈಗೆ ಗಾಡಿ ಕೊಡುತ್ತಿರಲಿಲ್ಲ. ನಾನು ಅಂಕಿ ಕೂಡಿಸಿ ನೋಡಿದೆ. ೧೨೦೬ಕ್ಕೆ ಒಂಬತ್ತು, ೧೧೯೪ಕ್ಕೆ ಹದಿನೈದು. ಎರಡೂ ಮೂರರಿಂದ ಭಾಗವಾಗುತ್ತಿದ್ದವು.

"ಸಾವ್ಕಾರ್ರೆ, ದಾರಿಯಾಗೆ ಒಂದೋ ಎರಡೋ ಹೋಗಿದ್ರೆ ಕೊನೇ ಎಸೆತಕ್ಕೆ ಮೂರು ಸಿಗ್ತಿರಲಿಲ್ಲ. ಬಿಡಿ ಕಾಯಿ ಉಳದೈತಾ ನೋಡ್ರಿ."

"ಹಂಗಾದ್ರೆ ಮೂರು ಮೂರೇ ಎಣಿಸ್ಕಂಡು ಕದ್ದೀಯ. ಏಳನೇ ಕ್ಲಾಸು ಓದಿರೋನು ನೋಡು."

ಹಮಾಲರು ನಕ್ಕರು. ನನಗೆ ತೋಟದವನ ಮೇಲೂ ಅನುಮಾನ, ಅಳಿಯನ ಮೇಲೂ ಅನುಮಾನ. ಮತ್ತೊಮ್ಮೆ ಎಣಿಸಿ ಎಂದು ಹಟ ಹಿಡಿದೆ. ಅಳಿಯನ ಪಕ್ಕದಲ್ಲೇ ನಿಂತು ಅವನ ಕೈಯನ್ನೇ ನೋಡಿದೆ. ಪ್ರತಿ ಸಲವೂ ಮೂರೇ ಕಾಯಿ, ಕೈಯಲ್ಲಿ ಮೋಸವಿರಲಿಲ್ಲ. ಮೊದಲ ಕಲ್ಲಿಟ್ಟು ಮತ್ತೆ ಶುರು ಮಾಡಿದಾಗ ಬಾಯಿಯ ಕಡೆ ಕಿವಿ ಕೊಟ್ಟೆ.

"ಲಾಭ... ಒಂದು... ಎರಡು..."

ನಮ್ಮ ಕಡೆ ಎಣಿಸುವಾಗ ಒಂದು ಎನ್ನುವ ಬದಲು ಲಾಭ ಎನ್ನುತ್ತೇವೆ. ಲಾಭದ ಮೇಲೆ ಎರಡು. ಪೇಟೆಯಲ್ಲಿ ಬೆಳೆದ ಅಳಿಯ ಲಾಭ ಎಂದು ಮೂರು ಕಾಯಿ ಎಸೆದು, ಆಮೇಲೆ ಒಂದರಿಂದ ಹಿಡಿಯುತ್ತಿದ್ದ. ಅವನ ನೂರು ಅಂದರೆ ನೂರೊಂದು ಎಸೆತ. ಆ ಲೋಡಿಗೆ ನಾಲ್ಕು ಸಲ ಲಾಭ ಎಂದಿದ್ದ; ನಾಲ್ಕು ಮೂರಲೆ ಹನ್ನೆರಡು.

ಎಲ್ಲರೆದುರು ನಾನೇ ಎಣಿಸಿದೆ. ನಾನೂರ ಎರಡು ಎಸೆತ, ೧೨೦೬ ಕಾಯಿ.

ಸಾಹುಕಾರರು ನನ್ನ ಕಡೆ ತಿರುಗಿ, "ಬಾರಪ್ಪ, ಟೀ ಕುಡಿಯಾಣ" ಎಂದರು.

"ಆಗೈತ್ರಿ ನಂದು" ಎಂದು ಟ್ರ್ಯಾಕ್ಟರಿನ ಕೀಲಿಯನ್ನು ಅವರ ಮೇಜಿನ ಮೇಲಿಟ್ಟು ಹೊರಟೆ. ಕಳ್ಳನಲ್ಲ ಎಂದು ಅವರ ಬಾಯಿಂದ ಇವತ್ತಿಗೂ ಬಂದಿಲ್ಲ. ಮಾರನೇ ದಿನವೇ ಎದುರಿನ ಮಂಡಿಯವರು ಕರೆದು ಗಾಡಿ ಕೊಟ್ಟರು. ಅಲ್ಲಿಯೂ ಇಳಿಸುವಾಗ ಎಣಿಸುವವನ ಪಕ್ಕ ಬಿಟ್ಟು ಕದಲಲಿಲ್ಲ.

ಈಗ ನನ್ನದೇ ಟ್ರ್ಯಾಕ್ಟರ್ ಒಂದು, ಟ್ರೇಲರ್ ಎರಡು, ತೆಂಗಿನ ಮರ ನಲವತ್ತೊಂದು. ಎರಡು ಸಲ ಎಣಿಸಿದ್ದೇನೆ.